ಎಷ್ಟು ಬಂತು ಅನ್ನೋದನ್ನ ಬಿಟ್ಟು ಎಂತ ಬರುತ್ತೆ ಅಂತ ಹೇಳೋದು: ಕಲಿಕಾ ಫಲ ಇಟ್ಕೊಂಡು ಮಕ್ಕಳ ಪ್ರಗತಿ ಮನೆಯವ್ರಿಗೆ ತಿಳಿಸೋಕೆ ಸಮಗ್ರ ಮಾರ್ಗದರ್ಶಿ

ಪೋಷಕರ ಸಭೆಗೆ ಬಂದವ್ರು ಕೇಳೋದು ಒಂದೇ ಪ್ರಶ್ನೆ, "ಎಷ್ಟು ಬಂತು ಸರ್?" ನಾವೂ ಪಟ್ಟಿ ನೋಡಿ 50ಕ್ಕೆ 28 ಅಂತೀವಿ, ಸೈನ್ ಹಾಕಿಸ್ಕೋತೀವಿ, ಕೊನೆಗೆ "ಮನೇಲಿ ಇನ್ನೂ ಸ್ವಲ್ಪ ಓದಿಸಿ" ಅಂತ ಒಂದು ಬಾಲ ಸೇರಿಸಿ ಕಳಿಸ್ತೀವಿ. ಏನು ಓದಿಸ್ಬೇಕು? ಯಾವ ಪಾಠ, ಯಾವ ಲೆಕ್ಕ? ಅದನ್ನ ನಾವೂ ಹೇಳಿರಲ್ಲ, ಆ 28 ಅಂತೂ ಹೇಳೋದೇ ಇಲ್ಲ.

ಆರನೇ ಕ್ಲಾಸಿನ ಗಣಿತದಲ್ಲಿ ಇಬ್ರು ಮಕ್ಕಳನ್ನ ತಗೊಳ್ಳಿ. ಒಬ್ಳು ಕೂಡೋದು ಕಳೆಯೋದು ಭಾಗಿಸೋದು ಎಲ್ಲಾ ಸರಿಯಾಗಿ ಮಾಡಿದಾಳೆ, ಆದ್ರೆ ವಾಕ್ಯದಲ್ಲಿ ಕೊಟ್ಟ ಲೆಕ್ಕ ಬಂದ ತಕ್ಷಣ ಜಾಗ ಖಾಲಿ ಬಿಟ್ಟಿದಾಳೆ, ಯಾಕಂದ್ರೆ ಆ ಮೂರು ಸಾಲು ಓದಿ ಏನು ಕೇಳ್ತಿದಾರೆ ಅಂತ ಅವಳಿಗೆ ಹಿಡೀತಿಲ್ಲ. ಇನ್ನೊಬ್ಬನಿಗೆ ಲೆಕ್ಕ ಬಾಯಲ್ಲಿ ಕೇಳಿದ್ರೆ ಪಟ್ ಅಂತ ದಾರಿ ಹೇಳ್ತಾನೆ, ಆದ್ರೆ ಏಳರ ಮಗ್ಗಿ ಎಂಟರ ಮಗ್ಗಿ ಕೈಕೊಡುತ್ತೆ, ಉತ್ತರ ಎಲ್ಲಾ ತಪ್ಪು. ಇಬ್ರಿಗೂ 28. ಇಬ್ರಿಗೂ ಬಿ ಪ್ಲಸ್, ಯಾಕಂದ್ರೆ ನಮ್ಮ ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ಗ್ರೇಡಲ್ಲಿ 50ರಿಂದ 69 ಪರ್ಸೆಂಟ್ ತನಕ ಎಲ್ಲಾ ಒಂದೇ ಬುಟ್ಟಿ. ಇಬ್ರಿಗೂ ಬೇಕಾಗಿರೋ ಔಷಧಿ ಮಾತ್ರ ಪೂರ್ತಿ ಬೇರೆ.

ಇದಕ್ಕೆ ಹೊರಗಡೆ, ಅದ್ರಲ್ಲೂ ಅಮೆರಿಕದ ಶಾಲೆಗಳಲ್ಲಿ, ಸ್ಟ್ಯಾಂಡರ್ಡ್ಸ್ ಬೇಸ್ಡ್ ಗ್ರೇಡಿಂಗ್ ಅಂತ ಮಾಡ್ತಾರೆ. ವಿಷಯ ಸಿಂಪಲ್: ಒಂದು ವಿಷಯಕ್ಕೆ ಒಂದು ಅಂಕ ಕೊಡೋ ಬದಲು ಆ ವಿಷಯದಲ್ಲಿ ಮಗು ಕಲೀಬೇಕಾದ ಒಂದೊಂದು ಸಂಗತಿಗೂ ಎಲ್ಲಿ ತನಕ ಬಂದಿದೆ ಅಂತ ಬೇರೆ ಬೇರೆ ಹೇಳೋದು, ಪಕ್ಕದವನ ಜೊತೆ ಹೋಲಿಸದೆ, ಹಳೇದು ಹೊಸದು ಎಲ್ಲಾ ಕೂಡಿ ಭಾಗಿಸದೆ. ನಮ್ಗೇನು ಹೊಸದಲ್ಲ ಇದು. ಎನ್‌ಸಿಇಆರ್‌ಟಿಯವ್ರು 2017ರಲ್ಲೇ ಕ್ಲಾಸು ಕ್ಲಾಸಿಗೆ ಕಲಿಕಾ ಫಲ, ಅಂದ್ರೆ ಆ ಕ್ಲಾಸ್ ಮುಗಿಯೋ ಹೊತ್ತಿಗೆ ಮಗುವಿಗೆ ಏನೇನು ಬರ್ಬೇಕು ಅನ್ನೋದ್ರ ಪಟ್ಟಿ ಕೊಟ್ಟಿದಾರೆ. ಅದಕ್ಕೂ ಮುಂಚೆ 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾದ ನಲಿ ಕಲಿ ನೋಡಿ, ಅದ್ರಲ್ಲಿ ಮಗು ತಾನು ಕಲಿಕೆಯ ಏಣಿಯ ಯಾವ ಮೆಟ್ಟಿಲಲ್ಲಿ ಇದೀನಿ ಅಂತ ತಾನೇ ಗೋಡೆ ಮೇಲೆ ತೋರಿಸ್ತಿತ್ತು. ಮೂರನೇ ಕ್ಲಾಸ್ ತನಕ ಇಷ್ಟು ಚಂದ ಮಾಡಿ ನಾಲ್ಕನೇ ಕ್ಲಾಸಿಗೆ ಬಂದ ಕೂಡ್ಲೆ ಯಾಕೆ ಬಿಟ್ವಿ ಅಂತ ನಂಗಿನ್ನೂ ಅರ್ಥ ಆಗಿಲ್ಲ.

ನಾನು ಇಲ್ಲಿ ಹೇಳೋದು ತೀರ್ಥಹಳ್ಳಿ, ಹೊಸನಗರ ಕಡೆ ಶಾಲೆಗಳ ಲೆಕ್ಕದಲ್ಲಿ, ಅಂದ್ರೆ ಮಕ್ಕಳು ಕಡಿಮೆ, ಮೇಷ್ಟ್ರೂ ಕಡಿಮೆ, ಜುಲೈಯಲ್ಲಿ ಮಳೆ ರಜೆ, ಅಡಿಕೆ ಕೊಯ್ಲು ಶುರುವಾದ್ಮೇಲೆ ಪೋಷಕರು ಕೈಗೆ ಸಿಗಲ್ಲ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಅಳತೆಗೋಲು ಇಟ್ಕೊಳ್ಳಿ: ನೀವು ಬರೆದ ವಾಕ್ಯವನ್ನ ಓದು ಬರಹ ಅಷ್ಟಾಗಿ ಬರದ ಅಜ್ಜಿನೂ ಮನೇಲಿ ಮೊಮ್ಮಗನ ಹತ್ರ ಮಾಡಿಸಿ ನೋಡೋ ಹಾಗಿದ್ಯಾ? ಹಾಗಿಲ್ಲ ಅಂದ್ರೆ ಅದು ಆಫೀಸ್ ಫೈಲಿಗೆ ಬರೆದಿದ್ದು, ಮನೆಗೆ ಬರೆದಿದ್ದಲ್ಲ.

ಮೊದಲು ಪಟ್ಟಿ ಸಣ್ಣದು ಮಾಡ್ಕೊಳ್ಳಿ

ಕಲಿಕಾ ಫಲ ಪೂರ್ತಿ ತಗೊಂಡ್ರೆ ತಲೆ ಕೆಡುತ್ತೆ. ಒಂದು ಸೆಮಿಸ್ಟರ್‌ಗೆ ಒಂದು ವಿಷಯಕ್ಕೆ ಐದು ಅಥ್ವಾ ಆರು ಸಾಕು. ಯಾವ್ದು ಆರಿಸ್ಬೇಕು ಅಂದ್ರೆ, ಇದು ಬರ್ಲಿಲ್ಲ ಅಂದ್ರೆ ಮುಂದಿನ ಕ್ಲಾಸಲ್ಲಿ ಮಗು ಸಿಕ್ಕಿಹಾಕ್ಕೊಳ್ಳುತ್ತೆ ಅನ್ನೋದು. ಭಿನ್ನರಾಶಿ ಬರ್ಲಿಲ್ಲ ಅಂದ್ರೆ ಏಳನೇ ಕ್ಲಾಸಲ್ಲಿ ಅನುಪಾತ, ಶೇಕಡಾ ಎಲ್ಲಾ ಕುಸಿಯುತ್ತೆ, ಹಾಗಾಗಿ ಅದು ಒಳಗೆ. ರೋಮನ್ ಸಂಖ್ಯೆ ಬರ್ಲಿಲ್ಲ ಅಂದ್ರೆ ಗಡಿಯಾರ ನೋಡೋಕೆ ಸ್ವಲ್ಪ ತೊಂದ್ರೆ, ಅಷ್ಟೇ, ಅದು ಹೊರಗೆ. ಹೊರಗೆ ಅಂದ್ರೆ ಪಾಠ ಮಾಡ್ಬೇಡಿ ಅಂತಲ್ಲ, ವರದಿ ಮಾಡೋ ಅಗತ್ಯ ಇಲ್ಲ ಅಂತ.

ಆಮೇಲೆ ಆರಿಸಿದ ಒಂದೊಂದು ಕಲಿಕಾ ಫಲವನ್ನೂ ಒಂದು ವಾಕ್ಯವಾಗಿ ಬರೆಯೋದು, ಹೆಚ್ಚು ಹೊತ್ತು ಹಿಡಿಯೋ ಕೆಲ್ಸ ಇದೇನೇ. "ಭಿನ್ನರಾಶಿ" ಅಂತ ಬರೆದ್ರೆ ಅದು ಪಾಠದ ಹೆಸರು. "ಭಿನ್ನರಾಶಿಯ ಪರಿಕಲ್ಪನೆಯನ್ನು ಅರ್ಥೈಸಿಕೊಳ್ಳುವನು" ಅಂತ ಬರೆದ್ರೆ ಶಾಲೆ ನೋಡೋಕೆ ಬರೋ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಖುಷಿ ಆಗ್ಬಹುದು, ಅರ್ಥೈಸಿಕೊಂಡಿದಾನೋ ಇಲ್ವೋ ಅಂತ ಕಣ್ಣಿಗೆ ಕಾಣೋದು ಹೇಗೆ? "ಛೇದ ಬೇರೆ ಬೇರೆ ಇರೋ ಎರಡು ಭಿನ್ನರಾಶಿ ಕೂಡಿಸ್ತಾಳೆ, ಯಾಕೆ ಹಾಗೆ ಅಂತ ಚಿತ್ರ ಬರೆದು ತೋರಿಸ್ತಾಳೆ" ಅಂತ ಬರೀರಿ. ಮಗು ಕೈಯಲ್ಲೋ ಬಾಯಲ್ಲೋ ಮಾಡಿ ತೋರಿಸೋ ಕೆಲ್ಸ ವಾಕ್ಯದಲ್ಲಿ ಇರ್ಬೇಕು. ಕನ್ನಡಕ್ಕಾದ್ರೆ "ಓದುವ ಕೌಶಲ" ಅಲ್ಲ, "ಮೊದಲು ನೋಡಿರದ ಒಂದು ಪ್ಯಾರಾ ನಿಲ್ಲಿಸದೆ ಓದ್ತಾನೆ, ಅದ್ರಲ್ಲಿ ಏನಿದೆ ಅಂತ ತನ್ನ ಮಾತಲ್ಲಿ ಹೇಳ್ತಾನೆ." ಇದಾದ್ರೆ ಮನೇಲಿ ಪೇಪರ್ ಕೊಟ್ಟು ಅಡಿಕೆ ಧಾರಣೆ ಪಕ್ಕದ ಸುದ್ದಿ ಓದಿಸಿದ್ರೆ ಗೊತ್ತಾಗುತ್ತೆ, ಯಾರ ಸರ್ಟಿಫಿಕೇಟೂ ಬೇಡ.

ಒಂದು ವಾಕ್ಯದಲ್ಲಿ ಎರಡು ಕೆಲ್ಸ ತುರುಕ್ಬೇಡಿ. "ಓದ್ತಾನೆ ಮತ್ತು ಅಂದವಾಗಿ ಬರೀತಾನೆ" ಅಂದ್ರೆ ಓದು ಚೆನ್ನಾಗಿದ್ದು ಅಕ್ಷರ ಕೋಳಿ ಕಾಲಿನ ಹಾಗಿದ್ರೆ ಏನು ಹಾಕ್ತೀರಿ? ಮೇಲಿನ ಭಿನ್ನರಾಶಿ ವಾಕ್ಯದಲ್ಲೂ ಎರಡಿದೆಯಲ್ಲ ಅಂತ ಕೇಳ್ಬಹುದು. ಅಲ್ಲಿ ಚಿತ್ರ ಅನ್ನೋದು ಕೂಡಿಸೋದು ಬಾಯಿಪಾಠ ಅಲ್ಲ ಅನ್ನೋದಕ್ಕೆ ಸಾಕ್ಷಿ, ಬೇರೆ ಕೆಲ್ಸ ಅಲ್ಲ.

ನಾಲ್ಕು ಹಂತ, ಮಾತಲ್ಲಿ

ಪ್ರತಿ ವಾಕ್ಯಕ್ಕೂ ನಾಲ್ಕು ಹಂತ ಇಡಿ: ಇನ್ನೂ ಹಿಡಿತಕ್ಕೆ ಬಂದಿಲ್ಲ, ಹೇಳ್ಕೊಟ್ರೆ ಮಾಡ್ತಾಳೆ, ತಾನಾಗೇ ಮಾಡ್ತಾಳೆ, ಬೇರೆ ಕಡೆನೂ ಬಳಸ್ತಾಳೆ. ಈ ಹೆಸರು ಹಾಗೇ ಇಟ್ಟು ಬಿಟ್ರೆ ಒಬ್ಬೊಬ್ರು ಒಂದೊಂದು ಥರ ಅರ್ಥ ಮಾಡ್ಕೋತಾರೆ, ಅದಕ್ಕೆ ಪ್ರತಿ ಹಂತದಲ್ಲೂ ಮಗು ಬರೆದ ಉತ್ತರ ಹೇಗಿರುತ್ತೆ ಅಂತ ಒಂದು ಮಾದರಿ ಬರ್ದಿಟ್ಕೋಬೇಕು. ಭಿನ್ನರಾಶಿಗೆ ಹೀಗೆ:

ಇನ್ನೂ ಹಿಡಿತಕ್ಕೆ ಬಂದಿಲ್ಲ – 1/2 + 1/3 ಕೊಟ್ರೆ ಮೇಲಿಂದು ಮೇಲೆ ಕೆಳಗಿಂದು ಕೆಳಗೆ ಕೂಡಿಸಿ 2/5 ಅಂತ ಬರೀತಾಳೆ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ಮೇಲೆ ಅರ್ಧಕ್ಕಿಂತ ಕಡಿಮೆ ಹೇಗೆ ಬಂತು ಅನ್ನೋ ಅನುಮಾನವೂ ಬರಲ್ಲ.

ಹೇಳ್ಕೊಟ್ರೆ ಮಾಡ್ತಾಳೆ – "ಛೇದ ಒಂದೇ ಮಾಡ್ಕೋ" ಅಂತ ನೆನಪಿಸಿದ್ರೆ 3/6 + 2/6 ಬರೀತಾಳೆ, ಉತ್ತರಕ್ಕೆ ಬರ್ತಾಳೆ. ನೆನಪಿಸ್ದೇ ಇದ್ರೆ ಮತ್ತೆ 2/5.

ತಾನಾಗೇ ಮಾಡ್ತಾಳೆ – 5/6 ಬರುತ್ತೆ, ಛೇದ ಬದಲಾಯಿಸಿ ಕೊಟ್ರೂ ಬರುತ್ತೆ, ಒಂದು ಆಯತ ಬರೆದು ಆರು ಭಾಗ ಮಾಡಿ ತೋರಿಸ್ತಾಳೆ.

ಬೇರೆ ಕಡೆನೂ ಬಳಸ್ತಾಳೆ – ಅರ್ಧ ಎಕರೆ ತೋಟ, ಒಂದು ಎಕರೆಯ ಮೂರನೇ ಒಂದು ಭಾಗ ಗದ್ದೆ, ಪೂರ್ತಿ ಎಕರೆ ಆಗೋಕೆ ಎಷ್ಟು ಕಡಿಮೆ ಅಂದ್ರೆ ಯಾರೂ "ಇದು ಭಿನ್ನರಾಶಿ ಲೆಕ್ಕ" ಅಂತ ಹೇಳ್ದೇನೇ 1/6 ಅಂತ ತಂದು ಕೊಡ್ತಾಳೆ.

ಮೂರನೇ ಹಂತಕ್ಕೆ ಬಂದ್ರೆ ಕ್ಲಾಸಿಗೆ ತಕ್ಕಷ್ಟು ಕಲಿತಾಯ್ತು ಅಂತ, ಇದನ್ನ ಪೋಷಕರಿಗೂ ಬಿಡಿಸಿ ಹೇಳಿ. ನಾಲ್ಕನೇದು ಬೋನಸ್. ಇಲ್ಲಿ ಎಲ್ರೂ ಎಡವೋ ಜಾಗ ಯಾವ್ದು ಅಂದ್ರೆ, ಹಂತಕ್ಕೆ 1, 2, 3, 4 ಅಂತ ನಂಬರ್ ಕೊಡೋದು. ನಂಬರ್ ಕಂಡ ತಕ್ಷಣ ಮನೆಯವ್ರು 4ಕ್ಕೆ 3 ಅಂದ್ರೆ 75 ಪರ್ಸೆಂಟ್ ಅಂತ ಲೆಕ್ಕ ಹಾಕ್ತಾರೆ, 2 ಬಂದ ಮಗು ಜಸ್ಟ್ ಪಾಸ್ ಆಗುತ್ತೆ, ಎಲ್ಲಾ ಮತ್ತೆ ಹಳೇ ಜಾಗಕ್ಕೆ ಬಂತು. ನಿಮ್ಮ ರಿಜಿಸ್ಟರ್‌ನಲ್ಲಿ ನಂಬರ್ ಇರ್ಲಿ, ಮನೆಗೆ ಹೋಗೋ ಹಾಳೆಯಲ್ಲಿ ಮಾತು ಮಾತ್ರ ಇರ್ಲಿ.

ಸಾಕ್ಷಿ ಕೂಡಿಡೋದು

ಇದಕ್ಕೆ ಅಂತ ಬೇರೆ ಟೆಸ್ಟ್ ಮಾಡೋಕೆ ಹೋಗ್ಬೇಡಿ, ಇರೋ ಎಫ್‌ಎ (ನಡುನಡುವೆ ಮಾಡೋ ಟೆಸ್ಟ್), ಎಸ್‌ಎ (ಸೆಮಿಸ್ಟರ್ ಕೊನೆಯ ಪರೀಕ್ಷೆ) ಸಾಕು ಮಾರಾಯ್ರೆ, ಬರೆಯೋ ದಾಖಲೆನೇ ರಾಶಿ ಬಿದ್ದಿದೆ. ಪ್ರಶ್ನೆಪತ್ರಿಕೆ ತಯಾರು ಮಾಡೋವಾಗ ಪ್ರತಿ ಪ್ರಶ್ನೆ ಪಕ್ಕ ಅದು ಯಾವ ವಾಕ್ಯಕ್ಕೆ ಸೇರಿದ್ದು ಅಂತ ಒಂದು ಗುರುತು ಹಾಕ್ಕೊಳ್ಳಿ, ಭಿ ಅಂದ್ರೆ ಭಿನ್ನರಾಶಿ, ವಾ ಅಂದ್ರೆ ವಾಕ್ಯದ ಲೆಕ್ಕ, ಹೀಗೆ. ತಿದ್ದೋವಾಗ ಒಟ್ಟು ಅಂಕ ಎಷ್ಟು ಅಂತ ಬರೀರಿ, ಅದು ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ಗೆ ಬೇಕೇ ಬೇಕು. ಅದ್ರ ಜೊತೆಗೆ ಭಿ ಪ್ರಶ್ನೆಗಳಲ್ಲಿ ಹೇಗೆ ಮಾಡಿದಾಳೆ, ವಾ ಪ್ರಶ್ನೆಗಳಲ್ಲಿ ಹೇಗೆ ಅಂತ ಬೇರೆ ಬೇರೆ ನೋಡಿ. ಅದೇ ಪೇಪರ್, ಎರಡು ಸಲ ಓದೋದು ಅಷ್ಟೇ.

ಒಂದು 200 ಪೇಜಿನ ನೋಟ್‌ಬುಕ್ ಇಟ್ಕೊಳ್ಳಿ, ಎಡಗಡೆ ಮಕ್ಕಳ ಹೆಸರು, ಮೇಲೆ ಆರು ವಾಕ್ಯದ ಗುರುತು, ಪ್ರತಿ ಚೌಕದಲ್ಲಿ ತಾರೀಕು ಹಾಕಿ ಹಂತ, ಪೆನ್ಸಿಲ್‌ನಲ್ಲಿ. ಪೆನ್ಸಿಲ್ ಯಾಕಂದ್ರೆ ಬದಲಾಗ್ಬೇಕು ಅಂತಾನೇ ಬರೆಯೋದು ಅದು. ಬೋರ್ಡ್ ಹತ್ರ ಬಂದು ಲೆಕ್ಕ ಮಾಡಿದ್ದು, ಬಿಸಿಯೂಟದ ಅಕ್ಕಿ ಅಳೆಯೋವಾಗ ಬಾಯಲ್ಲಿ ಹೇಳಿದ್ದು, ಅದೂ ಸಾಕ್ಷಿನೇ, ಬರ್ಕೊಳ್ಳಿ. ಪೇಪರ್ ಮೇಲೆ ಹೆದರೋ ಮಕ್ಕಳು ಎಷ್ಟೋ ಸಲ ಬಾಯಲ್ಲೇ ತಮಗೆ ನಿಜವಾಗಿ ಬರೋದನ್ನ ತೋರಿಸ್ತಾರೆ.

ಖಾಲಿ ಚೌಕದ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳ್ಬೇಕು. ಆಗುಂಬೆ ಕಡೆಯಿಂದ ಬರೋ ಮಗು, ಹಳ್ಳ ತುಂಬಿತ್ತು, ಬಸ್ ಬರ್ಲಿಲ್ಲ, ಟೆಸ್ಟ್ ದಿನ ಗೈರು. ಸೊನ್ನೆ ಹಾಕ್ತೀರಾ? ಒಂದು ಮಗುವಿಗೆ ನಾಲ್ಕು ಟೆಸ್ಟಲ್ಲಿ 80, 85, 0, 90 ಅಂತ ಇಟ್ಕೊಳ್ಳಿ, ಸರಾಸರಿ 63.75. ಬರೆದ ಮೂರಕ್ಕೆ ಮಾತ್ರ ತೆಗೆದ್ರೆ 85. ಎಂತ ಅನ್ಯಾಯ ನೋಡಿ, ಆ ಸೊನ್ನೆ ಗಣಿತದ ಬಗ್ಗೆ ಒಂದಕ್ಷರನೂ ಹೇಳ್ತಿಲ್ಲ, ಬರೀ ಮಳೆ ಬಗ್ಗೆ ಹೇಳ್ತಿದೆ. ಹಾಗಾಗಿ ಹಂತದ ಚೌಕದಲ್ಲಿ "ಇನ್ನೂ ನೋಡಿಲ್ಲ" ಅಂತ ಬರೀರಿ, ಮಗು ಬಂದ ವಾರದಲ್ಲಿ ಆ ಒಂದು ವಾಕ್ಯಕ್ಕೆ ಮಾತ್ರ ಎರಡು ಲೆಕ್ಕ ಕೊಟ್ಟು ನೋಡಿ ತುಂಬಿ. ಗೈರು ಹಾಜರಿ ಹೇಳೋಕೆ ಹಾಜರಿ ಪುಸ್ತಕ ಇದೆ.

ಯಾವ ಹಂತ ಅಂತ ತೀರ್ಮಾನ ಮಾಡೋದು

ಒಬ್ಬ ಹುಡುಗಂದು ಭಿನ್ನರಾಶಿ ಚೌಕ ಹೀಗಿದೆ: ಜೂನ್ ಕೊನೆಗೆ 1, ಜುಲೈಯಲ್ಲಿ 1, ಆಗಸ್ಟಲ್ಲಿ 2, ಸೆಪ್ಟೆಂಬರ್ ಮೊದಲ ವಾರ 3, ಕೊನೇ ವಾರ 3. ಕೂಡಿ ಐದರಿಂದ ಭಾಗಿಸಿದ್ರೆ 2, ಅಂದ್ರೆ "ಹೇಳ್ಕೊಟ್ರೆ ಮಾಡ್ತಾನೆ." ಇದು ಸುಳ್ಳು. ಅವನಿಗೆ ಇವತ್ತು ಯಾರೂ ಹೇಳ್ಕೊಡೋದು ಬೇಕಿಲ್ಲ, ಎರಡು ಸಲ ತಾನಾಗೇ ಮಾಡಿ ತೋರಿಸಿದಾನೆ. ಕಲಿಯೋಕೆ ಮುಂಚೆ ಬರ್ತಿರ್ಲಿಲ್ಲ ಅಂತ ಕಲಿತ ಮೇಲೂ ದಂಡ ಹಾಕೋದು ಯಾವ ನ್ಯಾಯ. ಅದಕ್ಕೆ ಕೊನೆ ಕೊನೆಯ ಸಾಕ್ಷಿ ನೋಡಿ ಹಂತ ಹಾಕ್ಬೇಕು.

ಹಾಗಂತ ಕೊನೇ ಒಂದೇ ಒಂದು ಸಲ ನೋಡಿ ಹಾಕ್ಬೇಡಿ, ಹಿಂದಿನ ದಿನ ಅಕ್ಕ ಹೇಳ್ಕೊಟ್ಟಿದ್ದು ಮರುದಿನ ಹಾಗೇ ಬರೆದಿರ್ಬಹುದು, ವಾರ ಬಿಟ್ಟು ಕೇಳಿದ್ರೆ ಖಾಲಿ. ನಾನು ಇಟ್ಕೊಂಡಿರೋ ನಿಯಮ, ಎರಡು ಬೇರೆ ಬೇರೆ ದಿನ, ನಡುವೆ ಕನಿಷ್ಠ ಒಂದು ವಾರ, ಪ್ರಶ್ನೆ ಬೇರೆ ಬೇರೆ. 3 ಬಂದ್ಮೇಲೆ ಮತ್ತೆ 1 ಬಂದ್ರೆ? ಆಗ ನಂಬರ್ ಜೊತೆ ಜಗಳ ಆಡ್ಬೇಡಿ, ಮಗುನ ಕರೆದು ಎದುರಿಗೆ ಕೂರಿಸಿ ಒಂದು ಲೆಕ್ಕ ಮಾಡಿಸಿ, ಐದು ನಿಮಿಷದಲ್ಲಿ ನಿಮ್ಗೇ ಗೊತ್ತಾಗುತ್ತೆ.

ಮತ್ತೊಂದು ಅವಕಾಶ ಕೊಡೋದಕ್ಕೆ ಕೆಲವ್ರು ಮೂಗು ಮುರೀತಾರೆ, ಮಕ್ಕಳು ಸೋಮಾರಿ ಆಗ್ತಾರೆ ಅಂತ. ಎಸ್ಸೆಸ್ಸೆಲ್ಸಿಯಲ್ಲೇ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂತಲ್ಲ, ಯಾವ್ದರಲ್ಲಿ ಜಾಸ್ತಿ ಬಂತೋ ಅದನ್ನೇ ಇಟ್ಕೋಬಹುದು. ಬೋರ್ಡೇ ಒಪ್ಪಿದ ಮೇಲೆ ಆರನೇ ಕ್ಲಾಸಿನ ಎಫ್‌ಎಗೆ ನಮ್ದೇನು ಬಿಗುಮಾನ. ಆದ್ರೆ ಸುಮ್ನೆ "ಇನ್ನೊಂದ್ಸಲ ಬರಿ" ಅನ್ಬೇಡಿ, ಮೊದಲು ತಪ್ಪಾದ ಲೆಕ್ಕವನ್ನ ತಾನೇ ತಿದ್ದಿ, ಎಲ್ಲಿ ತಪ್ತು ಅಂತ ಒಂದು ಸಾಲು ಬರ್ಕೊಂಡು ಬಂದವ್ರಿಗೆ ಮಾತ್ರ, ಆ ಒಂದು ವಾಕ್ಯಕ್ಕೆ ಮಾತ್ರ, ಹತ್ತು ನಿಮಿಷದ್ದು.

ತಿದ್ದಿದ ಪೇಪರ್ ವಾಪಸ್ ಕೊಡೋವಾಗ್ಲೂ ಒಂದು ಕಿವಿಮಾತು. 1988ರಲ್ಲಿ ರೂತ್ ಬಟ್ಲರ್ ಅನ್ನೋರು ಇಸ್ರೇಲಿನ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದಿನ ಕೆಲ್ಸದಲ್ಲಿ ಸುಧಾರಿಸಿದ್ರು, ಟಿಪ್ಪಣಿ ಜೊತೆ ಅಂಕನೂ ಸಿಕ್ಕವ್ರಿಗೆ ಆ ಲಾಭ ಆಗ್ಲಿಲ್ಲ. ಅಂಕ ಕಂಡ ಮೇಲೆ ಕೆಂಪು ಇಂಕಲ್ಲಿ ಬರೆದಿದ್ದು ಯಾರು ಓದ್ತಾರೆ, ಪಕ್ಕದವನಿಗೆ ಎಷ್ಟು ಅಂತ ಇಣುಕೋದೇ ಕೆಲ್ಸ. ನಾನಾದ್ರೆ ಪೇಪರಲ್ಲಿ ಬರೀ ಟಿಪ್ಪಣಿ ಬರೆದು ಕೊಟ್ಟು ಅಂಕ ಎರಡು ದಿನ ಬಿಟ್ಟು ಹೇಳ್ತೀನಿ, ಮಕ್ಕಳು ಮೊದಮೊದಲು ಗಲಾಟೆ ಮಾಡ್ತಾರೆ, ಆಮೇಲೆ ರೂಢಿ ಆಗುತ್ತೆ.

ಹೋಮ್‌ವರ್ಕು, ಶಿಸ್ತು, ಅಕ್ಷರ: ಇವೆಲ್ಲಾ ಬೇರೆ ಡಬ್ಬಿ

ನೋಟ್ಸ್ ನೀಟಾಗಿದೆ ಅಂತ ಎರಡು ಅಂಕ ಜಾಸ್ತಿ, ಹೋಮ್‌ವರ್ಕ್ ತರ್ಲಿಲ್ಲ ಅಂತ ಮೂರು ಕಟ್, ಇದು ನಮ್ಮೆಲ್ರ ಕೈಗೆ ಅಂಟಿದ ಅಭ್ಯಾಸ. ಇದ್ರಿಂದ ಏನಾಗುತ್ತೆ ಅಂದ್ರೆ ಚುರುಕು ಹುಡುಗ ತುಂಟ ಅನ್ನೋ ಕಾರಣಕ್ಕೆ ದಡ್ಡನ ಸಾಲಿಗೆ, ಏನೂ ಅರ್ಥ ಆಗ್ದೇ ಇರೋ ಪಾಪದ ಹುಡುಗಿ ಅಚ್ಚುಕಟ್ಟಾಗಿ ಕಾಪಿ ಮಾಡ್ತಾಳೆ ಅನ್ನೋ ಕಾರಣಕ್ಕೆ ಜಾಣೆ ಸಾಲಿಗೆ. ಎರಡನೇದು ಇನ್ನೂ ಅಪಾಯ, ಯಾಕಂದ್ರೆ ಅವಳಿಗೆ ಕಷ್ಟ ಇದೆ ಅಂತ ಹೈಸ್ಕೂಲಿಗೆ ಹೋಗೋ ತನಕ ಯಾರ ಕಣ್ಣಿಗೂ ಬೀಳಲ್ಲ. ಅಮೆರಿಕದ ಶಿಕ್ಷಣ ತಜ್ಞ ಥಾಮಸ್ ಗಸ್ಕಿ ಇದನ್ನ ಮೂರು ಭಾಗ ಮಾಡಿ ಹೇಳ್ತಾರೆ: ಮಗು ಕಲಿತಿದ್ದು ಏನು, ಕಲಿಯೋ ರೀತಿ ಹೇಗೆ, ಇದ್ದ ಜಾಗದಿಂದ ಎಷ್ಟು ಮುಂದೆ ಬಂದಿದೆ. ಮೂರೂ ಹೇಳಿ, ಬೇರೆ ಬೇರೆ ಹೇಳಿ, ಕಲಸ್ಬೇಡಿ.

ನವೆಂಬರ್ ಡಿಸೆಂಬರ್‌ನಲ್ಲಿ ರಾತ್ರಿ ಹನ್ನೊಂದರ ತನಕ ಮನೆಯವ್ರ ಜೊತೆ ಅಡಿಕೆ ಸುಲಿಯೋಕೆ ಕೂರೋ ಮಕ್ಕಳು ನಮ್ಮಲ್ಲಿ ಇದಾರೆ, ಆ ಎರಡು ತಿಂಗಳು ಹೋಮ್‌ವರ್ಕ್ ಕಡಿಮೆ ಆಗುತ್ತೆ, ಆಗ್ಲೇಬೇಕು. ಹೋಮ್‌ವರ್ಕ್ ಸಾಲಲ್ಲಿ ಅದನ್ನ ಬರೀರಿ, ಭಿನ್ನರಾಶಿ ಸಾಲಿಗೆ ಅದರ ನೆರಳೂ ಬೀಳ್ಬಾರ್ದು.

ಒಂದೇ ಹಾಳೆ

ಮನೆಗೆ ಕಳಿಸೋದು ಒಂದೇ ಹಾಳೆ, ಒಂದೇ ಮಗ್ಗುಲು. ಮೇಲೆ ಹೆಸರು, ಕ್ಲಾಸು. ಅದ್ರ ಕೆಳಗೆ ಆರು ವಾಕ್ಯ, ಪ್ರತಿಯೊಂದರ ಎದುರು ನಾಲ್ಕು ಹಂತದಲ್ಲಿ ಒಂದಕ್ಕೆ ಗುರುತು, ಹಿಂದಿನ ಸಲ ಎಲ್ಲಿತ್ತು ಅನ್ನೋದಕ್ಕೆ ಸಣ್ಣ ಚುಕ್ಕಿ. ಚುಕ್ಕಿಯಿಂದ ಗುರುತಿಗೆ ಎಷ್ಟು ದೂರ ಅನ್ನೋದೇ ಪ್ರಗತಿ, ಓದು ಬರದವ್ರಿಗೂ ಕಾಣುತ್ತೆ. ಕೆಳಗೆ ಹೋಮ್‌ವರ್ಕ್, ಹಾಜರಿ, ಜೊತೆಯವ್ರ ಜೊತೆ ಹೇಗೆ, ಮೂರು ಸಾಲು. ಕೊನೆಗೆ ನೀವು ಕೈಯಲ್ಲಿ ಬರೆಯೋ ನಾಲ್ಕು ವಾಕ್ಯ. ಈ ನಾಲ್ಕು ವಾಕ್ಯಕ್ಕೇ ನಿಮ್ಮ ಅರ್ಧ ಶ್ರಮ ಹೋಗ್ಬೇಕು.

ಏನು ಬರುತ್ತೆ, ಎಲ್ಲಿ ಸಿಕ್ಕಿಹಾಕ್ಕೊಂಡಿದೆ, ಶಾಲೇಲಿ ನಾವೇನು ಮಾಡ್ತೀವಿ, ಮನೇಲಿ ನೀವೇನು ಮಾಡ್ಬಹುದು. ಉದಾಹರಣೆಗೆ ನಾಲ್ಕನೇ ಕ್ಲಾಸ್ ಕನ್ನಡ:

"ನಿಮ್ಮ ಮಗ ಕಾಗುಣಿತ ಪೂರ್ತಿ ಹಿಡಿದಿದಾನೆ, ಸರಳ ಪದ ಇರೋ ಪ್ಯಾರಾ ನಿಲ್ಲಿಸದೆ ಓದ್ತಾನೆ. ಎರಡು ಒತ್ತು ಇರೋ ಅಕ್ಷರ ಬಂದ ಕಡೆ ತಡವರಿಸ್ತಾನೆ, 'ಕಷ್ಟ' ಓದ್ತಾನೆ, 'ರಾಷ್ಟ್ರ', 'ಸ್ವಾತಂತ್ರ್ಯ' ಬಂದ್ರೆ ಅಂದಾಜಲ್ಲಿ ಹೇಳಿ ಮುಂದೆ ಹೋಗ್ತಾನೆ. ಶಾಲೇಲಿ ದಿನಾ ಬೆಳಿಗ್ಗೆ ಐದು ಒತ್ತಕ್ಷರದ ಪದ ಓದಿಸಿ ಬರೆಸ್ತಿದೀವಿ. ಮನೇಲಿ ರಾತ್ರಿ ಊಟಕ್ಕೆ ಮುಂಚೆ ಪೇಪರಿನ ಒಂದೇ ಒಂದು ತಲೆಬರಹ ಜೋರಾಗಿ ಓದಿಸಿ, ತಪ್ಪಾದ್ರೆ ಬೈಬೇಡಿ, ಮತ್ತೊಮ್ಮೆ ಓದು ಅನ್ನಿ ಸಾಕು."

ಇದನ್ನ "ಓದುವಿಕೆಯಲ್ಲಿ ಸುಧಾರಣೆ ಅಗತ್ಯ" ಅನ್ನೋದ್ರ ಪಕ್ಕ ಇಟ್ಟು ನೋಡಿ. ಮನೆ ಕೆಲ್ಸ ಕೇಳೋವಾಗ ಮನೆ ಎಂತದು ಅಂತ ನೋಡ್ಕೊಂಡು ಕೇಳಿ. ಪೇಪರ್ ತರಿಸ್ದೇ ಇರೋ ಮನೆಗೆ ಬಸ್ ಬೋರ್ಡ್ ಓದಿಸಿ ಅನ್ನಿ, ಡೈರಿಗೆ ಹಾಲು ಹಾಕೋ ಮನೆಗೆ ಅರ್ಧ ಲೀಟರ್ರೂ ಕಾಲು ಲೀಟರ್ರೂ ಸೇರಿದ್ರೆ ಎಷ್ಟು ಅಂತ ಕೇಳಿ ಅನ್ನಿ. ಲೈನ್‌ಮನೆಯಲ್ಲಿದ್ದು ದಿನವಿಡೀ ಎಸ್ಟೇಟ್ ಕೆಲ್ಸ ಮಾಡಿ ಬರೋ ಅಮ್ಮನಿಗೆ "ದಿನಾ ಒಂದು ಗಂಟೆ ಕೂತು ಓದಿಸಿ" ಅಂತ ಬರೆಯೋದು ಬರೀ ಬರವಣಿಗೆ.

ಎದುರು ಕೂತು ಹೇಳೋದು

ಸಭೆ ಯಾವಾಗ ಇಡ್ಬೇಕು ಅನ್ನೋದೇ ಅರ್ಧ ಯುದ್ಧ. ಎಸ್‌ಎ 1 ಆದ್ಮೇಲೆ ದಸರಾ ರಜೆ, ಅದು ಮುಗಿದು ಬರೋ ಹೊತ್ತಿಗೆ ಕೊಯ್ಲು ಶುರು. ಹಾಗಾಗಿ ಸಾಧ್ಯ ಆದ್ರೆ ರಜೆಗೆ ಮುಂಚೆನೇ ಮುಗಿಸಿ, ಊರಿನ ಸಂತೆ ದಿನ ಬೆಳಿಗ್ಗೆ ಇಟ್ರೆ ಪೇಟೆಗೆ ಬರೋರು ಹಾಗೇ ಬಂದು ಹೋಗ್ತಾರೆ. ಎಲ್ರನ್ನೂ ಒಟ್ಟಿಗೆ ಕೂರಿಸಿ ಭಾಷಣ ಮಾಡೋದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ ಬಿಡಿ, ನೀವು ಒಬ್ಬೊಬ್ರಿಗೆ ಹತ್ತು ನಿಮಿಷ ಕೊಡಿ, ಮಗುನೂ ಜೊತೆಗೆ ಕೂರ್ಲಿ. ಹದಿನೈದು ಇಪ್ಪತ್ತು ಮಕ್ಕಳಿರೋ ನಮ್ಮ ಕಡೆ ಕ್ಲಾಸಿಗೆ ಇದು ಆಗೋ ಮಾತೇ, ಪೇಟೆ ಶಾಲೆಯವ್ರಿಗೆ ಸ್ವಲ್ಪ ಕಷ್ಟ.

ಮೊದಲ ಸಲ ಮಾತು ಹೆಚ್ಚುಕಡಿಮೆ ಹೀಗೆ ಹೋಗುತ್ತೆ:

"ಎಷ್ಟು ಬಂತು ಮೇಷ್ಟ್ರೇ?"

"ಹೇಳ್ತೀನಿ ಇರಿ ಅಮ್ಮ. ಮೊದಲು ಇವಳೇ ಒಂದು ತೋರಿಸ್ಲಿ. ಪುಟ್ಟಿ, ಆ ಲೆಕ್ಕ ಮಾಡು ನೋಡಣ."

ಹುಡುಗಿ ಮಾಡಿ ತೋರಿಸ್ತಾಳೆ. "ಇದು ಜೂನಲ್ಲಿ ಬರ್ತಿರ್ಲಿಲ್ಲ, ನೋಡಿ ಚುಕ್ಕಿ ಇಲ್ಲಿತ್ತು. ಈಗ ತಾನಾಗೇ ಮಾಡ್ತಾಳೆ."

"ಹೌದನಾ! ಹಂಗಾರೆ ಪಾಸಾ?"

"ಇದ್ರಲ್ಲಿ ಆಯ್ತು. ವಾಕ್ಯದ ಲೆಕ್ಕ ಮಾತ್ರ ನಾನು ಓದಿ ಹೇಳಿದ್ರೆ ಮಾಡ್ತಾಳೆ, ಒಬ್ಳೇ ಓದ್ಕೊಂಡು ಮಾಡ್ಬೇಕಲ್ಲ, ಅಲ್ಲಿ ನಿಂತಿದಾಳೆ."

"ಮತ್ತೆ ಇವಳ ಚಿಕ್ಕಪ್ಪನ ಮಗಳು ಎಷ್ಟು ತೆಗ್ದಿದಾಳೆ?"

ಈ ಪ್ರಶ್ನೆ ಬಂದೇ ಬರುತ್ತೆ. ನಗ್ತಾ "ಅವ್ರ ಮನೆಯವ್ರು ಬಂದಾಗ ಅವಳದ್ದು, ಈಗ ಇವಳದ್ದು" ಅಂತ ಹೇಳಿ ಹಾಳೆ ಕಡೆ ಬೆರಳು ಇಡಿ.

ಮಾರ್ಕ್ಸ್ ಮುಚ್ಚಿಡ್ಬೇಡಿ, ಕೇಳಿದವ್ರಿಗೆ ಹೇಳಿ, ಆದ್ರೆ ಹಾಳೆ ಓದಿ ಮುಗಿದ ಮೇಲೆ. ಮೊದಲೇ ಹೇಳಿದ್ರೆ ಉಳಿದಿದ್ದು ಯಾರ ಕಿವಿಗೂ ಹೋಗಲ್ಲ. "ಇಷ್ಟೆಲ್ಲಾ ಯಾಕೆ ಸರ್, ಒಟ್ಟು ಒಂದು ನಂಬರ್ ಹೇಳ್ಬಿಡಿ" ಅನ್ನೋ ಅಪ್ಪಂದಿರಿಗೆ ನಮ್ಮ ಕಡೆ ಒಂದು ಉತ್ತರ ರೆಡಿ ಇದೆ. ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕೋವಾಗ ಎಲ್ಲಕ್ಕಿಂತ ಮೇಲಿನ ದರ್ಜೆಯ ಸರಕು, ಆಮೇಲೆ ಬೆಟ್ಟೆ, ರಾಶಿ, ಕೆಳಗಿನ ದರ್ಜೆಯ ಗೊರಬಲು ಎಲ್ಲಾ ಒಂದೇ ಚೀಲಕ್ಕೆ ಸುರಿದು ಸರಾಸರಿ ಧಾರಣೆ ಹೇಳಿ ಅಂತ ಕೇಳ್ತೀರಾ? ಬೇರೆ ಬೇರೆ ಮಾಡಿದ್ರೇ ಅಲ್ವಾ ಯಾವ್ದರಲ್ಲಿ ಎಷ್ಟಿದೆ ಅಂತ ಗೊತ್ತಾಗೋದು. ಇದು ಹೇಳಿದ್ರೆ ಅಡಿಕೆ ಬೆಳೆಯೋರು ಯಾರೂ ಎರಡನೇ ಪ್ರಶ್ನೆ ಕೇಳಲ್ಲ. ಒಂದೇ ತಕರಾರು ಅಂದ್ರೆ ಗೊರಬಲು ಯಾವತ್ತಿಗೂ ಸರಕು ಆಗಲ್ಲ, ಮಕ್ಕಳು ಆಗ್ತಾರೆ, ಅದನ್ನೂ ಅಲ್ಲೇ ಸೇರಿಸಿ ಹೇಳ್ಬಿಡಿ.

ಎಸ್ಸೆಸ್ಸೆಲ್ಸಿ ಭಯ ಇನ್ನೊಂದು. "ಕೊನೆಗೆ 625ಕ್ಕೆ ಎಷ್ಟು ಅಂತ ತಾನೇ ಎಲ್ರೂ ಕೇಳೋದು?" ಹೌದು, ಕೇಳ್ತಾರೆ. ಆ 625 ಕೂಡ ಇಂಥ ಸಣ್ಣ ಸಣ್ಣ ವಾಕ್ಯಗಳಿಂದ್ಲೇ ಕಟ್ಟಿರೋದು, ಹತ್ತನೇ ಕ್ಲಾಸಲ್ಲಿ ಲೆಕ್ಕ ಬಿಟ್ಟು ಬರೋ ಮಕ್ಕಳ ಗಂಟು ಬಿಚ್ಚಿ ನೋಡಿದ್ರೆ ಎಷ್ಟೋ ಸಲ ಆರನೇ ಕ್ಲಾಸಿನ ಭಿನ್ನರಾಶಿ ಸಿಗುತ್ತೆ.

ವಾಟ್ಸಾಪ್, ಮತ್ತೆ ಸಭೆಗೆ ಬರ್ದೇ ಇರೋರು

ಗ್ರೂಪಲ್ಲಿ ಯಾರ ಹಂತವನ್ನೂ ಹಾಕ್ಬೇಡಿ, ಹೊಗಳೋಕೂ ಬೇಡ. ಒಬ್ಬನ್ನ ಹೊಗಳಿದ್ರೆ ಉಳಿದ ಮನೆಗಳಲ್ಲಿ ರಾತ್ರಿ ಏನಾಗುತ್ತೆ ಅಂತ ನಿಮ್ಗೆ ಗೊತ್ತಲ್ಲ. ಗ್ರೂಪಿಗೆ ಹಾಕ್ಬೇಕಾದ್ದು ಈ ತಿಂಗಳು ನೋಡ್ತಿರೋ ವಾಕ್ಯ ಯಾವ್ದು, ಮನೇಲಿ ಹೇಗೆ ಕೇಳ್ಬಹುದು, ಅಷ್ಟೇ. ಮಗುವಿನ ವಿಷಯ ಆದ್ರೆ ಮನೆಯವ್ರ ನಂಬರಿಗೇ ಮುಕ್ಕಾಲು ನಿಮಿಷದ ವಾಯ್ಸ್ ಮೆಸೇಜ್ ಹಾಕಿ. ಟೈಪ್ ಮಾಡಿದ್ದಕ್ಕಿಂತ ಇದು ವಾಸಿ, ಓದು ಬರದವ್ರಿಗೂ ಮುಟ್ಟುತ್ತೆ, ನೆಟ್‌ವರ್ಕ್ ಇಲ್ದೇ ಇರೋ ಮನೆಗೆ ಗುಡ್ಡ ಹತ್ತಿದಾಗ ಡೌನ್‌ಲೋಡ್ ಆಗುತ್ತೆ, ಸಂಜೆ ಎಲ್ರೂ ಕೂತು ಕೇಳ್ತಾರೆ. ಫೋನೇ ಇಲ್ದೇ ಇರೋ ಮನೆಗೆ ಮಗುನೇ ದೂತ. ಹಾಳೆ ಕಳಿಸೋ ಹಿಂದಿನ ದಿನ ಕ್ಲಾಸಲ್ಲಿ ಇಬ್ಬಿಬ್ಬರನ್ನ ಕೂರಿಸಿ ತಮ್ಮ ಹಾಳೆ ತಾವೇ ಓದಿ ಹೇಳೋದು ಅಭ್ಯಾಸ ಮಾಡಿಸಿ, "ನಂಗೆ ಇದು ಬರುತ್ತೆ, ಇದು ಇನ್ನೂ ಬರ್ಬೇಕು" ಅಂತ. ಮಗು ಬಾಯಲ್ಲಿ ಈ ಮಾತು ಬಂತು ಅಂದ್ರೆ ಮೇಷ್ಟ್ರು ಹೇಳಿದ್ದಕ್ಕಿಂತ ಮನೇಲಿ ನಂಬ್ತಾರೆ.

ಇಲಾಖೆಗೆ ಬೇಕಾದ್ದು ಇಲಾಖೆಗೆ

ಸ್ಯಾಟ್ಸ್‌ಗೆ ಎಫ್‌ಎ, ಎಸ್‌ಎ ಅಂಕ ಹಾಕೋದು, ಪ್ರಗತಿ ಪತ್ರದಲ್ಲಿ ಎ ಪ್ಲಸ್‌ನಿಂದ ಸಿ ತನಕ ಗ್ರೇಡ್ ಬರೆಯೋದು ಮೊದಲಿನ ಹಾಗೇ ನಡೀಲಿ, ಈ ಹಾಳೆ ಅದಕ್ಕೆ ಪಿನ್ ಮಾಡಿ ಕಳಿಸಿ. ಹಂತಗಳನ್ನ ಅಂಕಕ್ಕೆ ಪರಿವರ್ತನೆ ಮಾಡೋ ಸೂತ್ರ ಹುಡುಕೋಕೆ ಹೋಗ್ಬೇಡಿ, ಅಂಕ ಪೇಪರಿಂದ ಬರುತ್ತೆ, ಹಂತ ಸಾಕ್ಷಿಯಿಂದ. ಎರಡೂ ಹೊಂದದೇ ಇದ್ರೆ, ಉದಾಹರಣೆಗೆ ಎಲ್ಲದರಲ್ಲೂ "ತಾನಾಗೇ ಮಾಡ್ತಾಳೆ" ಇದ್ದು ಗ್ರೇಡ್ ಬಿ ಬಂದಿದ್ರೆ, ನಿಮ್ಮ ಪ್ರಶ್ನೆಪತ್ರಿಕೆ ನೀವು ಕಲಿಸಿದ್ದನ್ನೇ ಕೇಳಿದ್ಯಾ ಅಂತ ಒಮ್ಮೆ ತೆಗೆದು ನೋಡಿ. ಯಾರಾದ್ರೂ ಇದು ಯಾವ ಆದೇಶದಲ್ಲಿದೆ ಅಂತ ಕೇಳಿದ್ರೆ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ತೋರಿಸಿ, ಮಗುವಿನ ತಿಳುವಳಿಕೆ ಮತ್ತೆ ಅದನ್ನ ಬಳಸೋ ಸಾಮರ್ಥ್ಯವನ್ನ ನಿರಂತರವಾಗಿ ನೋಡ್ಬೇಕು ಅಂತ 2009ರಿಂದ ಅಲ್ಲೇ ಬರೆದಿದೆ.

ಶುರು ಮಾಡೋರು ಒಂದು ಕ್ಲಾಸು, ಒಂದು ವಿಷಯ, ಅದ್ರಲ್ಲೂ ನಿಮ್ಗೆ ಇಷ್ಟ ಇರೋ ವಿಷಯ ಹಿಡೀರಿ. ಎಲ್ಲಾ ವಿಷಯಕ್ಕೂ ಒಟ್ಟಿಗೆ ಮಾಡ್ತೀನಿ ಅಂತ ಹೊರಟವ್ರು ಆಗಸ್ಟ್ ಹೊತ್ತಿಗೆ ಪೆನ್ಸಿಲ್ ಕೆಳಗಿಡ್ತಾರೆ.

ಏಪ್ರಿಲ್‌ನಲ್ಲಿ ರಿಸಲ್ಟ್ ಕೊಟ್ಟ ಮೇಲೆ ಒಂದು ಕೆಲ್ಸ ಉಳಿಯುತ್ತೆ. ಪ್ರತಿ ಮಗುವಿನ ಕೊನೇ ಹಾಳೆಯ ಒಂದು ಜೆರಾಕ್ಸ್ ತೆಗೆದು ಮುಂದಿನ ಕ್ಲಾಸಿನ ಮೇಷ್ಟ್ರಿಗೆ ಕೊಡಿ, ಏಳನೇ ಕ್ಲಾಸ್ ಮುಗಿಸಿ ಹೋಗೋರದ್ದಾದ್ರೆ ಟಿಸಿ ಜೊತೆ ಸೇರಿಸಿ ಹೈಸ್ಕೂಲಿಗೆ ಕಳಿಸಿ. ಜೂನ್‌ನಲ್ಲಿ ಸೇತುಬಂಧ (ಹಿಂದಿನ ಕ್ಲಾಸಿನ ಕಲಿಕೆ ಮತ್ತೆ ಗಟ್ಟಿ ಮಾಡೋ ಪಾಠ) ಶುರು ಮಾಡೋವಾಗ ಇಡೀ ಕ್ಲಾಸಿಗೆ ಒಂದೇ ಪೂರ್ವ ಪರೀಕ್ಷೆ ಕೊಟ್ಟು ಒಂದೇ ಪಾಠ ಮಾಡೋ ಬದಲು ಯಾರನ್ನ ಒತ್ತಕ್ಷರಕ್ಕೆ ಕೂರಿಸ್ಬೇಕು, ಯಾರನ್ನ ವಾಕ್ಯದ ಲೆಕ್ಕಕ್ಕೆ ಕೂರಿಸ್ಬೇಕು ಅಂತ ಮೊದಲ ದಿನವೇ ಆ ಹಾಳೆ ನೋಡಿ ಗುಂಪು ಮಾಡ್ಬಹುದು.